ಬೇರೆಯವರ ಖಾತೆಯಲ್ಲಿ ಬೆಳೆದ ಬಡ್ಡಿ

ದೂರಿನ ಪತ್ರ ಒಂದೇ ಪುಟದ್ದು. ಯಡಿಯೂರಿನ ಹೆಂಗಸೊಬ್ಬರು ನಮ್ಮ ಬ್ಯಾಂಕಿನ ಕುಣಿಗಲ್ ಶಾಖೆಯಲ್ಲಿ ಐದು ವರ್ಷದ ಅವಧಿಗೆ ಆರು ಲಕ್ಷ ರೂಪಾಯಿ ಠೇವಣಿ ಇಟ್ಟಿದ್ದರು. ಅವಧಿ ಮುಗಿದ ಮೇಲೆ ರಸೀದಿ ಹಿಡಿದು ಹೋದರೆ, ದುಡ್ಡು ಆಗಲೇ ನಿಮ್ಮ ಉಳಿತಾಯ ಖಾತೆಗೆ ಹೋಗಿದೆ ಎಂದು ಹೇಳಿ ಕಳಿಸಿದ್ದರು. ಖಾತೆಯಲ್ಲಿ ಇದ್ದದ್ದು ಎರಡು ಸಾವಿರದ ಚಿಲ್ಲರೆ. ಮೂರು ಸಲ ಅಲೆದ ಮೇಲೆ ಯಾರ ಕೈಯಲ್ಲೋ ಬರೆಸಿ ತುಮಕೂರಿನ ವಲಯ ಕಚೇರಿಗೆ ದೂರು ಹಾಕಿದ್ದರು.

ಶಿರಾ ಗೇಟ್ ಹತ್ತಿರದ ಆ ಕಚೇರಿಯಲ್ಲಿ ಗ್ರಾಹಕರ ದೂರುಗಳನ್ನು ನೋಡುವ ಅಧಿಕಾರಿ ನಾನು. ಇಂಥ ದೂರುಗಳಲ್ಲಿ ಹತ್ತಕ್ಕೆ ಒಂಬತ್ತು ಅರ್ಧ ಗಂಟೆಯಲ್ಲಿ ಬಗೆಹರಿಯುತ್ತವೆ. ದುಡ್ಡು ಮಗನ ಜೊತೆಗಿನ ಜಂಟಿ ಖಾತೆಗೆ ಹೋಗಿರುತ್ತದೆ, ಇಲ್ಲವೇ ಪಾಸ್‌ಬುಕ್ ಎಂಟ್ರಿ ಆಗಿರುವುದಿಲ್ಲ. ಹಾಗೇ ಇರಬೇಕು ಎಂದುಕೊಂಡು ಠೇವಣಿ ಸಂಖ್ಯೆ ಹಾಕಿ ನೋಡಿದೆ. ಹೆಸರು ಸರಿಯಾಗಿತ್ತು. ಊರು ಮಾತ್ರ ಯಡಿಯೂರಲ್ಲ, ಗುಬ್ಬಿ ತಾಲ್ಲೂಕಿನ ನಿಟ್ಟೂರು. ಅದೇ ಹೆಸರಿನ ಇನ್ನೊಬ್ಬ ಹೆಂಗಸು. ಆರು ಲಕ್ಷ ಐದು ವರ್ಷ ಆಕೆಯ ಹೆಸರಿನಲ್ಲಿ ಬೆಳೆದು, ತೆರಿಗೆ ಕಳೆದು ಎಂಟು ಲಕ್ಷ ಇಪ್ಪತ್ತು ಸಾವಿರವಾಗಿ, ಮೂರು ತಿಂಗಳ ಹಿಂದೆ ಆಕೆಯ ಉಳಿತಾಯ ಖಾತೆಗೆ ತಾನಾಗಿಯೇ ಜಮೆಯಾಗಿತ್ತು.

ಠೇವಣಿಯನ್ನು ಸಿಸ್ಟಂಗೆ ಹಾಕಿದವರು ಯಾರು ಎಂದು ನೋಡುವ ಪರದೆ ಬೇರೆ ಇದೆ. ಅದನ್ನೂ ತೆರೆದೆ. ಅಲ್ಲಿದ್ದದ್ದು ನನ್ನ ನೌಕರಿ ಸಂಖ್ಯೆ.

ಐದು ವರ್ಷದ ಹಿಂದೆ ನಾನು ಕುಣಿಗಲ್ ಶಾಖೆಯ ಕೌಂಟರಿನಲ್ಲಿದ್ದೆ. ಹೆಸರು ಟೈಪ್ ಮಾಡಿದರೆ ಅದೇ ಹೆಸರಿನವರ ಉದ್ದ ಪಟ್ಟಿ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಒಂದೇ ದೇವರ ಹೆಸರಿಟ್ಟುಕೊಂಡವರು ಮನೆಗೊಬ್ಬರಾದರೂ ಸಿಗುತ್ತಾರೆ. ಇವರಿಬ್ಬರ ಗಂಡಂದಿರ ಹೆಸರುಗಳ ಮೊದಲಕ್ಷರವೂ ಒಂದೇ. ನಾನು ಒಂದು ಸಾಲು ಮೇಲಿನದನ್ನು ಒತ್ತಿದ್ದೆ. ಪರಿಶೀಲಿಸಬೇಕಾಗಿದ್ದ ಅಂದಿನ ಮ್ಯಾನೇಜರ್ ಸರಿ ಎಂದು ಒಪ್ಪಿಗೆ ಒತ್ತಿದ್ದರು. ಅವರು ನಿವೃತ್ತರಾಗಿ ಎರಡು ವರ್ಷವಾಗಿತ್ತು. ಆ ದಿನ ಏನು ಗಡಿಬಿಡಿಯಿತ್ತು, ಎದುರಿಗೆ ಎಷ್ಟು ಜನ ನಿಂತಿದ್ದರು, ಒಂದೂ ನೆನಪಿಗೆ ಬರಲಿಲ್ಲ. ತಪ್ಪು ಮಾಡಿದ ಕ್ಷಣ ಎಲ್ಲೋ ಮನಸ್ಸಿನ ಮೂಲೆಯಲ್ಲಿ ಉಳಿದಿರುತ್ತದೆ ಎಂದು ನಾನು ನಂಬಿದ್ದೆ. ಹಾಗೇನೂ ಇರುವುದಿಲ್ಲ.

ನನ್ನದೇ ತಪ್ಪಿನ ದೂರನ್ನು ನಾನೇ ವಿಚಾರಿಸುವಂತಿಲ್ಲ. ಅದು ಗೊತ್ತಿದ್ದೂ ಎರಡು ದಿನ ಯಾರಿಗೂ ಹೇಳಲಿಲ್ಲ. ಕುರ್ಚಿಯಲ್ಲಿ ಕೂರುವುದಕ್ಕಾಗಲಿಲ್ಲ. ಬೇರೆ ಫೈಲು ತೆಗೆದರೂ ಹತ್ತು ನಿಮಿಷಕ್ಕೊಮ್ಮೆ ಅದೇ ಪರದೆಗೆ ಹೋಗುತ್ತಿದ್ದೆ, ಸಂಖ್ಯೆ ಬದಲಾಗಿರಬಹುದು ಎನ್ನುವ ಹಾಗೆ. ಊಟದ ಹೊತ್ತಿನಲ್ಲಿ ಡಬ್ಬಿ ತೆರೆಯದೆ ಶಿರಾ ಗೇಟಿನ ತನಕ ನಡೆದು ಸುಮ್ಮನೆ ವಾಪಸು ಬರುತ್ತಿದ್ದೆ. ಮುಂದಿನ ತಿಂಗಳು ನನ್ನ ಬಡ್ತಿಯ ಸಂದರ್ಶನವಿತ್ತು. ಅದನ್ನು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮೂರನೇ ದಿನ ಬೆಳಿಗ್ಗೆ, ದೂರುದಾರರ ದಾಖಲೆ ನೋಡಿಕೊಂಡು ಬರುತ್ತೇನೆಂದು ಚೀಫ್ ಮ್ಯಾನೇಜರಿಗೆ ಹೇಳಿ ಕುಣಿಗಲ್ ಬಸ್ಸು ಹತ್ತಿದೆ.

ಯಡಿಯೂರಿನಲ್ಲಿ ಗುಡಿಗೆ ಹೋಗುವ ದಾರಿಯಲ್ಲಿ ಆಕೆಯದು ಹಣ್ಣು ಕಾಯಿ, ವಿಭೂತಿ, ಕರ್ಪೂರದ ಅಂಗಡಿ. ಐವತ್ತೈದರ ಆಸುಪಾಸು. ಗಂಡ ಕುದುರೆ ಫಾರಂ ಒಂದರಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದು ತೀರಿಕೊಂಡಿದ್ದರು. ಆಗ ಬಂದ ದುಡ್ಡೇ ಆ ಆರು ಲಕ್ಷ. ನಾನು ಬ್ಯಾಂಕಿನವಳು ಎಂದು ಹೇಳುವ ಮುಂಚೆಯೇ ಆಕೆ ತಕ್ಕಡಿ ಕೆಳಗಿಟ್ಟರು.

"ನೀವು ಕುಣಿಗಲ್ಲಲ್ಲಿ ಇದ್ರಲ್ವಾ? ನನ್ ರಸೀತಿ ಬರ್ಕೊಟ್ಟಿದ್ದು ನೀವೇ ಕಣಮ್ಮ. ಕೂತ್ಕಳಿ, ಕೂತ್ಕಳಿ. ನೀವು ಬಂದ್ರಲ್ಲ, ಇನ್ನು ಸರಿಯಾಯ್ತದೆ ಬುಡಿ."

ಆಕೆ ಸ್ಟೂಲು ಒರೆಸಿ ಕೊಟ್ಟರು. ಒಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದು ಒಂದೊಂದೇ ಕಾಗದ ತೆಗೆದಿಟ್ಟರು. ರಸೀದಿಯಲ್ಲಿ ಹೆಸರು, ಮೊತ್ತ, ಅವಧಿ ಮುಗಿದಾಗ ಸಿಗಬೇಕಾದ ಎಂಟು ಲಕ್ಷ ನಲವತ್ತೆಂಟು ಸಾವಿರದ ಎಂಟುನೂರ ಅರವತ್ತೇಳು. ವಿಳಾಸದ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ನಿಟ್ಟೂರು. ಆಕೆಗೆ ಓದಲು ಬರುವುದು ಕನ್ನಡ ಮಾತ್ರ.

ರಸೀದಿಯ ಕೆಳಗೆ ಇನ್ನೂ ಐದು ಚೀಟಿಗಳಿದ್ದವು. ಆದಾಯ ಕಡಿಮೆ ಇರುವವರು ಬಡ್ಡಿಯ ಮೇಲೆ ತೆರಿಗೆ ಹಿಡಿಯಬೇಡಿ ಎಂದು ಪ್ರತಿ ವರ್ಷ ಬ್ಯಾಂಕಿಗೆ ಒಂದು ಫಾರಂ ಕೊಡಬೇಕು. ಆಕೆ ಒಂದು ವರ್ಷವೂ ತಪ್ಪಿಸಿರಲಿಲ್ಲ. ಪ್ರತಿ ಫಾರಂನಲ್ಲೂ ಠೇವಣಿ ಸಂಖ್ಯೆ ಬರೆಸಿ, ಕೊಟ್ಟದ್ದಕ್ಕೆ ಚೀಟಿ ಇಸಿದುಕೊಂಡಿದ್ದರು. ಯಾರಾದರೂ ಒಮ್ಮೆ ಆ ಸಂಖ್ಯೆಯನ್ನು ಕಂಪ್ಯೂಟರಿಗೆ ಹಾಕಿ ನೋಡಿದ್ದರೆ ಹೆಸರಿನ ಗೊಂದಲ ಅವತ್ತೇ ಸಿಗುತ್ತಿತ್ತು. ನಾವು ಫಾರಂ ತೆಗೆದುಕೊಂಡು ಕಟ್ಟಿಗೆ ಸೇರಿಸಿದ್ದೆವು, ಅಷ್ಟೆ. ಮೊದಲ ಎರಡು ಚೀಟಿಗಳ ಮೇಲೆ ನನ್ನ ಸಹಿಯಿತ್ತು.

"ಈ ಅಂಗಡಿ ಬಾಡಿಗೇದು ಮೇಡಂ. ಓನರ್ರು ಮಾರ್ತಾವ್ರೆ. ನಾನೇ ತಗಂತೀನಿ ಅಂತ ಒಂದು ಲಕ್ಷ ಅಡ್ವಾನ್ಸ್ ಕೊಟ್ಟಿದೀನಿ, ಚೀಟಿ ಎತ್ತಿ. ಈ ತಿಂಗ್ಳು ಕೊನೇಗೆ ರಿಜಿಸ್ಟರ್ ಆಗ್ಬೇಕು. ಇಲ್ಲಾಂದ್ರೆ ಅಡ್ವಾನ್ಸೂ ಹೋಯ್ತು, ಅಂಗಡೀನೂ ಹೋಯ್ತು."

"ಬಾಕಿ ಎಷ್ಟು ಕೊಡ್ಬೇಕು?"

"ರಸೀತೀಲಿರೋದು ಅಷ್ಟೂ ಬೇಕು. ಅದನ್ನ ನೋಡ್ಕಂಡೇ ನಾನು ವ್ಯಾಪಾರ ಕುದ್ರಿಸಿದ್ದು."

ತಿಂಗಳ ಕೊನೆಗೆ ಹದಿನೆಂಟು ದಿನ ಉಳಿದಿತ್ತು. ಕಾಗದಗಳ ಫೋಟೋ ತೆಗೆದುಕೊಂಡೆ. ತಪ್ಪು ನನ್ನದು ಎಂದು ಅಲ್ಲೇ ಹೇಳಬೇಕಾಗಿತ್ತು. ಹೇಳಲಿಲ್ಲ. ಆಕೆ ಎರಡು ಬಾಳೆಹಣ್ಣು ಕೊಟ್ಟರು. ಬಸ್ ಸ್ಟ್ಯಾಂಡಿನ ತನಕ ಕೈಯಲ್ಲೇ ಹಿಡಿದುಕೊಂಡು ಬಂದೆ.

ಮರುದಿನ ಚೀಫ್ ಮ್ಯಾನೇಜರ್ ಎದುರು ಕೂತು ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ. ತಮ್ಮ ಕಚೇರಿಯ ಹೆಸರು ಮೇಲಿನವರ ಬಾಯಿಗೆ ಬರಬಾರದು ಎನ್ನುವ ಜಾತಿ.

"ಮೊದಲು ನಿಟ್ಟೂರಿನ ಅಕೌಂಟ್ ಹೋಲ್ಡ್ ಮಾಡ್ಸಿ. ಆಮೇಲೆ ಕನ್ಸೆಂಟ್ ಲೆಟರ್ ತಗೊಳ್ಳಿ, ದುಡ್ಡು ವಾಪಸ್ ತರ್ಸೋಣ," ಎಂದರು. "ನಿಮ್ಮ ಹೆಸರು ಈಗ್ಲೇ ಯಾಕೆ? ಎಂಟ್ರಿ ಯಾರು ಹಾಕಿದ್ರು ಅಂತ ಲಾಗ್ ಯಾರ್ ನೋಡ್ತಾರೆ?"

ದುಡ್ಡು ತೆಗೆಯದಂತೆ ತಡೆಯುವ ಆ ಹೋಲ್ಡ್ ಅವತ್ತೇ ಬಿತ್ತು. ಅದರ ಮಾರನೇ ದಿನ ಗುಬ್ಬಿ ಶಾಖೆಗೆ ಹೋಗಿ ಖಾತೆಯ ಕಾಗದ ತೆಗೆಸಿಕೊಂಡು, ಅಲ್ಲಿಂದ ನಿಟ್ಟೂರಿಗೆ ಹೋದೆ.

ನಿಟ್ಟೂರಿನ ಹೆಂಗಸಿಗೆ ನಲವತ್ತರ ಒಳಗೆ. ಗಂಡನ ಬೈಕ್ ರಿಪೇರಿ ಅಂಗಡಿಯ ಒಂದು ಬದಿಯಲ್ಲಿ ಮಿಷನ್ ಹಾಕಿಕೊಂಡು ಗಾಡಿಗಳಿಗೆ ಸೀಟ್ ಕವರ್ ಹೊಲಿಯುತ್ತಾರೆ. ಎದೆಯುಬ್ಬಿಸಿ ಜಗಳಕ್ಕೆ ನಿಲ್ಲುತ್ತಾರೆ, ದುಡ್ಡು ಬಿಡಲು ಒಪ್ಪುವುದಿಲ್ಲ ಎಂದುಕೊಂಡು ಹೋಗಿದ್ದೆ. ಎಂಟು ಲಕ್ಷ ನಿಮ್ಮ ಖಾತೆಗೆ ತಪ್ಪಿ ಬಂದಿದೆ ಎಂದಾಗ ಅವರು ಹೊಲಿಗೆ ನಿಲ್ಲಿಸಲಿಲ್ಲ.

"ಗೊತ್ತು. ಪಾಸ್‌ಬುಕ್ ಎಂಟ್ರಿ ಹಾಕ್ಸಿದಾಗ ನೋಡ್ದೆ. ರೈಲು ಹಳಿಗೆ ಅಂತ ಸರ್ಕಾರ ತಗಂಡ ನಮ್ಮಾವನ ಜಮೀನಿನ ದುಡ್ಡಿರ್ಬೇಕು ಅಂದ್ಕಂಡ್ವಿ. ಮಾವನ್ನ ಕೇಳಿದ್ರೆ ಅಲ್ಲಾಂದ್ರು. ಬ್ಯಾಂಕಲ್ಲಿ ಕೇಳಿದ್ರೆ ನಿಮ್ದೇ ಎಫ್‌ಡಿ ಅಂದ್ರು. ನಾನು ಯಾವತ್ತು ಎಫ್‌ಡಿ ಇಟ್ಟಿದ್ದೆ ಮೇಡಂ? ಒಂದ್ ರೂಪಾಯಿ ಮುಟ್ಟಿಲ್ಲ."

"ಮತ್ತೆ ಮೂರು ತಿಂಗ್ಳಿಂದ..."

"ಮೂರ್ ತಿಂಗ್ಳಿಂದ ನನ್ ದುಡ್ಡೂ ತೆಗಿಯಕ್ಕೆ ಭಯ. ಎಲ್ಲಿ ಬೇರೆಯವರ್ದು ತೆಗ್ದುಬುಡ್ತೀನೋ ಅಂತ. ಈಗ ನೋಡಿದ್ರೆ ನಿನ್ನೆಯಿಂದ ಫೋನ್‌ಪೇನೂ ಹೋಗ್ತಿಲ್ಲ. ರೆಕ್ಸಿನ್ ಅಂಗಡಿಯವನಿಗೆ ಕೊಡ್ಬೇಕು."

ಅದು ನಾವು ಹಾಕಿದ ಹೋಲ್ಡ್. ತಪ್ಪಿ ಬಂದ ಮೊತ್ತಕ್ಕೆ ಮಾತ್ರ ಹಾಕಬೇಕಾಗಿದ್ದನ್ನು ಇಡೀ ಖಾತೆಗೆ ಹಾಕಿದ್ದರು. ಅಲ್ಲೇ ನಿಂತು ಗುಬ್ಬಿಗೆ ಫೋನ್ ಮಾಡಿ ಸರಿ ಮಾಡಿಸಿದೆ. ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅವರು ಹೊಲಿಗೆ ಮುಗಿಸಿ ದಾರ ಕತ್ತರಿಸಿದರು. ಒಪ್ಪಿಗೆ ಪತ್ರ ಮುಂದಿಟ್ಟೆ. ಓದಿದರು, ಪೆನ್ನು ಮುಟ್ಟಲಿಲ್ಲ.

"ದುಡ್ಡು ತಗಂಡೋಗಿ, ನಂಗೇನೂ ಬೇಡ. ನನ್ ಕಾರ್ಡ್ ಯಾರ್ ಕೊಡ್ತಾರೆ?"

"ಯಾವ ಕಾರ್ಡು?"

"ಬಿಪಿಎಲ್ ಕಾರ್ಡು. ಎರಡು ವರ್ಷ ಆಯ್ತು ಕ್ಯಾನ್ಸಲ್ ಆಗಿ. ನಿಂಗೆ ಆದಾಯ ಇದೆ, ತೆರಿಗೆ ಕಟ್ಟಿದೀಯ ಅಂತಾರೆ. ನಾವೆಲ್ಲಿ ತೆರಿಗೆ ಕಟ್ಟೋದು? ಗುಬ್ಬಿ ತಾಲ್ಲೂಕು ಆಫೀಸಿಗೆ ಹನ್ನೆರಡು ಸಲ ಹೋಗಿದೀನಿ. ಯಾರೂ ಹೇಳ್ಲಿಲ್ಲ ಯಾವ್ ತೆರಿಗೆ ಅಂತ. ಈಗ ತಿಳೀತು ನೋಡಿ."

ಲೆಕ್ಕ ನನಗೂ ಆಗ ತಿಳಿಯಿತು. ಆ ಠೇವಣಿಯ ಬಡ್ಡಿಗೆ ಬ್ಯಾಂಕು ಪ್ರತಿ ವರ್ಷ ತೆರಿಗೆ ಹಿಡಿದು ಈಕೆಯ ಪ್ಯಾನ್ ಸಂಖ್ಯೆಗೆ ಕಟ್ಟಿತ್ತು, ಐದು ವರ್ಷಕ್ಕೆ ಸುಮಾರು ಇಪ್ಪತ್ನಾಲ್ಕು ಸಾವಿರ. ಯಡಿಯೂರಿನಾಕೆ ತೆರಿಗೆ ಬೇಡವೆಂದು ಕೊಟ್ಟ ಫಾರಂಗಳು ಕಟ್ಟಿನಲ್ಲಿ ಕೂತಿದ್ದವು. ನಿಟ್ಟೂರಿನಾಕೆ ತಾನು ಕಾಣದ ಬಡ್ಡಿಗೆ ತೆರಿಗೆದಾರರಾಗಿದ್ದರು.

"ಈ ಬಡ್ಡಿ ನಂದಲ್ಲ ಅಂತ ನಿಮ್ ಬ್ಯಾಂಕು ಬರ್ದು ಸೀಲ್ ಹಾಕಿ ಕೊಡ್ಲಿ. ಅವತ್ತು ಸೈನ್ ಹಾಕ್ತೀನಿ," ಎಂದರು. ಧ್ವನಿ ಏರಿಸಲಿಲ್ಲ. ಮುಂದಿನ ಸೀಟ್ ಕವರ್ ತೆಗೆದುಕೊಂಡರು.

ಚೀಫ್ ಮ್ಯಾನೇಜರಿಗೆ ಆ ಪತ್ರದ ಮಾತೇ ಹಿಡಿಸಲಿಲ್ಲ. ಅಷ್ಟರಲ್ಲಿ ಅವರು ಬಗೆಹರಿಸುವ ದಾರಿ ಬರೆದಿಟ್ಟಿದ್ದರು. ಠೇವಣಿ ತಪ್ಪು ಹೆಸರಿನಲ್ಲಿ ತೆರೆದಿದ್ದರಿಂದ ಅದು ಅಸಿಂಧು. ಅಸಲು ಆರು ಲಕ್ಷ ಯಡಿಯೂರಿನಾಕೆಗೆ. ಅದಕ್ಕೆ ಉಳಿತಾಯ ಖಾತೆಯ ದರದಲ್ಲಿ ಬಡ್ಡಿ. ಉಳಿದ ಬಡ್ಡಿ ಬ್ಯಾಂಕಿಗೆ ವಾಪಸು. ಕಾರಣದ ಜಾಗದಲ್ಲಿ, ಒಂದೇ ಹೆಸರಿನಿಂದಾದ ಗೊಂದಲ, ಗ್ರಾಹಕರು ರಸೀದಿಯನ್ನು ಪರಿಶೀಲಿಸಿರಲಿಲ್ಲ.

"ಪೂರ್ತಿ ಬಡ್ಡಿ ಕೊಡ್ಬೇಕಾದ್ರೆ ಹಳೇ ತಾರೀಖಿಂದ ಸರಿಯಾದ ಹೆಸರಿಗೆ ಠೇವಣಿ ಮಾಡ್ಬೇಕು ಸರ್."

"ಅದಕ್ಕೆ ಹೆಡ್ ಆಫೀಸ್ ಪರ್ಮಿಷನ್ ಬೇಕು. ಬ್ಯಾಂಕಿನ ತಪ್ಪು ಅಂತ ಬರೀಬೇಕು. ಯಾರ ತಪ್ಪು ಅಂತ ಕೇಳ್ತಾರೆ. ಏನಂತೀರ?"

ಎರಡು ದರಗಳ ನಡುವಿನ ವ್ಯತ್ಯಾಸ ಒಂದೂವರೆ ಲಕ್ಷದ ಮೇಲಿತ್ತು. ಅವರು ಕುರ್ಚಿ ಹಿಂದಕ್ಕೆ ಸರಿಸಿ, ಬಾಗಿಲು ನೋಡಿ, ಮೆತ್ತಗೆ ಹೇಳಿದರು.

"ಮೇಡಂ, ನಿಮ್ಮ ಮನಸ್ಸಿಗೆ ಅಷ್ಟು ಚುಚ್ತಿದ್ರೆ ಆ ಒಂದೂವರೆ ನೀವೇ ಕೈಯಿಂದ ಕೊಟ್ಬಿಡಿ. ಆಯಮ್ಮಂಗೆ ಅಂಗಡಿ ಆಯ್ತು, ನಿಮಗೆ ಇಂಟರ್‌ವ್ಯೂ ಆಯ್ತು. ಮ್ಯಾಟರ್ ಕ್ಲೋಸ್."

ನಗಬೇಕಾದ ಮಾತಲ್ಲ. ಎರಡು ದಿನ ನಾನದನ್ನೇ ಯೋಚಿಸಿದೆ. ನನ್ನ ಹೆಸರಿನಲ್ಲೂ ಒಂದು ಠೇವಣಿ ಇತ್ತು, ಮನೆಗೆ ಮೇಲಿನ ಮಹಡಿ ಕಟ್ಟಿಸಲೆಂದು. ಅದನ್ನು ಅವಧಿಗೆ ಮುಂಚೆ ಮುರಿಯುವ ಅರ್ಜಿ ತುಂಬಿದೆ. ಗಂಡನಿಗೆ ಹೇಳಿದೆ. ಅವರು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವರು. "ಕೊಟ್ಟು ನೆಮ್ಮದಿಯಾಗಿರು," ಎಂದರು. ತಪ್ಪು ನನ್ನದು, ದುಡ್ಡೂ ನನ್ನದು, ಇದರಲ್ಲಿ ಅನ್ಯಾಯ ಎಲ್ಲಿದೆ ಎಂದು ನನಗೂ ಅನ್ನಿಸಿತು. ಅರ್ಜಿಯನ್ನು ಚೀಲದಲ್ಲಿಟ್ಟುಕೊಂಡು ಕಚೇರಿಗೆ ಹೋದೆ. ಮನಸ್ಸು ಒಂದು ರೀತಿ ಹಗುರವೂ ಆಗಿತ್ತು.

ಅದು ಕೆಡುವುದಕ್ಕೆ ನಿಟ್ಟೂರಿನ ಫೋನು ಕಾರಣ. ಹನ್ನೊಂದು ಗಂಟೆಗೆ ಆಕೆಯ ಕರೆ ಬಂತು. ಪತ್ರ ಆಯಿತೇ ಎಂದು ಕೇಳಿದರು. ನೋಡ್ತಿದೀವಿ ಎಂದೆ.

"ನೋಡ್ತಿದೀವಿ ಅಂತಾನೇ ಎರಡು ವರ್ಷದಿಂದ ಎಲ್ರೂ ಹೇಳಿದ್ದು," ಎಂದು ಇಟ್ಟುಬಿಟ್ಟರು.

ನಾನು ಕೈಯಿಂದ ಕೊಟ್ಟರೆ ಯಡಿಯೂರಿನ ಅಂಗಡಿ ಉಳಿಯುತ್ತದೆ. ನಿಟ್ಟೂರಿನ ಕಾರ್ಡು ಉಳಿಯುವುದಿಲ್ಲ. ಬ್ಯಾಂಕಿನ ತಪ್ಪು ಎಂದು ದಾಖಲೆಯಲ್ಲಿ ಬರೆಯದಿದ್ದರೆ ಆ ಬಡ್ಡಿ ಯಾರದಾಗಿತ್ತು ಎಂದು ಯಾರೂ ಬರೆದುಕೊಡಲಾರರು. ನನ್ನ ಒಂದೂವರೆ ಲಕ್ಷ ಕೊಳ್ಳುವುದು ಯಡಿಯೂರಿನಾಕೆಯ ಮೌನವನ್ನಲ್ಲ, ನನ್ನ ಮೌನವನ್ನು. ಇಷ್ಟು ದಿನ ಯಡಿಯೂರಿನಾಕೆಯನ್ನು ಮಾತ್ರ ನೋಡುತ್ತಿದ್ದೆ. ಅಲ್ಲಿ ತುಂಬಬಹುದಾದ ನಷ್ಟವಿತ್ತು, ಅದಕ್ಕೆ.

ಅರ್ಜಿ ಹರಿದೆ. ಹೆಡ್ ಆಫೀಸಿಗೆ ಹೋಗುವ ಟಿಪ್ಪಣಿಯನ್ನು ನಾನೇ ಟೈಪ್ ಮಾಡಿದೆ. ಮೊದಲ ಸಾಲಿನಲ್ಲೇ ಬರೆದೆ: ಈ ಠೇವಣಿಯನ್ನು ಕುಣಿಗಲ್ ಶಾಖೆಯ ಕೌಂಟರಿನಲ್ಲಿ ತಪ್ಪು ಗ್ರಾಹಕರ ಹೆಸರಿಗೆ ಸೇರಿಸಿದವಳು ನಾನು. ಐದು ಫಾರಂಗಳ ಚೀಟಿಗಳನ್ನು ಲಗತ್ತಿಸಿ, ಗ್ರಾಹಕರು ಪ್ರತಿ ವರ್ಷ ಸಂಖ್ಯೆ ಸಹಿತ ಮಾಹಿತಿ ಕೊಟ್ಟಿದ್ದರೂ ನಾವು ನೋಡಲಿಲ್ಲ, ಮೊದಲ ಎರಡು ವರ್ಷ ನೋಡದವಳೂ ನಾನೇ ಎಂದೆ. ಅಸಲು, ಪೂರ್ತಿ ಬಡ್ಡಿ ಯಡಿಯೂರಿನವರಿಗೆ ಸೇರಬೇಕು, ಬಡ್ಡಿ ತಮ್ಮದಲ್ಲವೆಂಬ ಪತ್ರ ನಿಟ್ಟೂರಿನವರಿಗೆ ಸಿಗಬೇಕು ಎಂದು ಮುಗಿಸಿದೆ. ಈ ಫೈಲನ್ನು ಇನ್ನು ಬೇರೆಯವರು ನೋಡಬೇಕು ಎಂಬುದನ್ನೂ ಸೇರಿಸಿದೆ.

ಚೀಫ್ ಮ್ಯಾನೇಜರ್ ಎರಡು ಸಲ ಓದಿದರು. "ಇದು ಹೋದ್ರೆ ವಾಪಸ್ ತರಕ್ಕಾಗಲ್ಲ."

"ಗೊತ್ತು ಸರ್."

"ನಿಮ್ ಇಷ್ಟ," ಎಂದು ಸಹಿ ಹಾಕಿದರು. ಪೆನ್ನು ಒತ್ತಿದ್ದಕ್ಕೆ ಕಾಗದ ಸ್ವಲ್ಪ ಹರಿಯಿತು.

ಆಮೇಲಿನ ಒಂಬತ್ತು ದಿನ ಉತ್ತರವಿಲ್ಲ. ಫೈಲು ನನ್ನ ಕೈಯಲ್ಲಿರಲಿಲ್ಲವಾದ್ದರಿಂದ ಕೇಳುವ ಹಕ್ಕೂ ಇರಲಿಲ್ಲ. ಆದರೂ ದಿನಕ್ಕೆರಡು ಸಲ ಕೇಳುತ್ತಿದ್ದೆ. ತಿಂಗಳ ಕೊನೆಯ ದಿನಗಳನ್ನು ಬೆರಳು ಮಡಚಿ ಎಣಿಸುತ್ತಿದ್ದೆ. ಭಾನುವಾರ ಬಸ್ಸು ಹಿಡಿದು ಯಡಿಯೂರಿಗೆ ಹೋಗಿ, ತಪ್ಪು ಮಾಡಿದ್ದು ನಾನು ಎಂದು ಹೇಳಿದೆ.

"ಅವತ್ತು ಬಂದಾಗ್ಲೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಅವತ್ತೇ ಹೇಳಿದ್ರೆ ಚೆನ್ನಾಗಿರ್ತಿತ್ತು," ಎಂದು ಗಿರಾಕಿ ಕಡೆ ತಿರುಗಿದರು. ಸ್ಟೂಲು ಕೊಡಲಿಲ್ಲ.

ತಿಂಗಳ ಕೊನೆಗೆ ಎರಡು ದಿನ ಇರುವಾಗ ಅನುಮತಿ ಬಂತು. ನಿಟ್ಟೂರಿನವರಿಗೆ ಕೊಡುವ ಪತ್ರವೂ ಜೊತೆಗಿತ್ತು. ಆಕೆ ಅದನ್ನು ಓದಿ, ಸೀಲ್ ನೋಡಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರಂತೆ. ಸಂಜೆಯೊಳಗೆ ಠೇವಣಿ ಹಳೆಯ ತಾರೀಖಿನಿಂದ ಸರಿಯಾದ ಹೆಸರಿಗೆ ಸೇರಿ, ರಸೀದಿಯಲ್ಲಿದ್ದ ಮೊತ್ತ ಪೈಸೆ ಕಡಿಮೆಯಿಲ್ಲದೆ ಯಡಿಯೂರಿನ ಖಾತೆಗೆ ಹೋಯಿತು. ಮಾರನೇ ದಿನ ಕುಣಿಗಲ್ಲಿನಲ್ಲಿ ಅಂಗಡಿ ರಿಜಿಸ್ಟರ್ ಆಯಿತು. ಶಾಖೆಯವರು ಹೇಳಿದ್ದರಿಂದ ನನಗೆ ತಿಳಿಯಿತು. ಆಕೆ ನನಗೆ ಫೋನ್ ಮಾಡಲಿಲ್ಲ.

ನಿಟ್ಟೂರಿನದು ಅಷ್ಟು ಬೇಗ ಮುಗಿಯಲಿಲ್ಲ. ಹೆಡ್ ಆಫೀಸಿನ ಪತ್ರದಲ್ಲಿ "ತಾಂತ್ರಿಕ ಕಾರಣದಿಂದ" ಬಡ್ಡಿ ಈಕೆಯ ಹೆಸರಿಗೆ ಜಮೆಯಾಗಿತ್ತು ಎಂದಿತ್ತು. ಇದನ್ನು ನೋಡಿದರೆ ಬಡ್ಡಿ ಈಕೆಯದಲ್ಲ ಎಂದು ಹೇಗೆ ತಿಳಿಯಬೇಕು ಎಂದು ಗುಬ್ಬಿಯ ತಾಲ್ಲೂಕು ಕಚೇರಿಯಲ್ಲಿ ಕೇಳಿದರು. ಕೇಳಿದ್ದು ನ್ಯಾಯವಾಗಿತ್ತು. ನನ್ನ ಜಾಗದಲ್ಲಿ ಫೈಲು ನೋಡುತ್ತಿದ್ದ ಸಹೋದ್ಯೋಗಿಯ ಪಕ್ಕ ಕೂತು ಮತ್ತೆ ಬರೆಸಿದೆ: ಠೇವಣಿಯಾಗಲಿ ಅದರ ಬಡ್ಡಿಯಾಗಲಿ ಎಂದೂ ಇವರದಾಗಿರಲಿಲ್ಲ, ಬ್ಯಾಂಕಿನ ತಪ್ಪಿನಿಂದ ಇವರ ಹೆಸರಿಗೆ ಸೇರಿತ್ತು. ಆ ಒಂದು ಸಾಲು ಬದಲಾಗಲು ಐದು ವಾರ ಬೇಕಾಯಿತು. ತೆರಿಗೆಯ ದಾಖಲೆಯಲ್ಲಿ ಇತ್ತೀಚಿನದನ್ನು ತಿದ್ದಿದರು. ಹಳೆಯದನ್ನು ತಿದ್ದಲಾಗದೆ, ಆಗ ಕಟ್ಟಿದ್ದ ತೆರಿಗೆಯ ನಷ್ಟ ಬ್ಯಾಂಕಿನ ಮೇಲೆ ಬಿತ್ತು. ಅದರಲ್ಲಿ ಒಂದು ಪಾಲು ನನ್ನ ಸಂಬಳದಲ್ಲಿ ಕಂತಿನ ಹಾಗೆ ಹಿಡಿದರು. ಎಚ್ಚರಿಕೆಯ ಪತ್ರವೂ ಬಂತು. ಸಂದರ್ಶನದ ಪಟ್ಟಿಯಿಂದ ಆ ವರ್ಷ ನನ್ನ ಹೆಸರು ತೆಗೆದರು. ಇದರಲ್ಲಿ ಯಾವುದೂ ನಾನು ಎಣಿಸಿರದ್ದಲ್ಲ. ಆದರೂ ಪಟ್ಟಿ ಬಂದ ದಿನ ಕಚೇರಿಯ ಮೆಟ್ಟಿಲ ಮೇಲೆ ಒಬ್ಬಳೇ ಸ್ವಲ್ಪ ಹೊತ್ತು ಕೂತಿದ್ದೆ.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನಿಟ್ಟೂರಿನಿಂದ ಫೋನ್ ಬಂತು. ಹಿಂದೆ ಗಾಡಿಯ ಆಕ್ಸಿಲರೇಟರ್ ತಿರುವುವ ಸದ್ದು ಕೇಳುತ್ತಿತ್ತು.

"ಮೇಡಂ, ಕಾರ್ಡು ಚಾಲೂ ಆಯ್ತು. ಇವತ್ತು ಅಕ್ಕಿ ತಂದೆ."

"ಒಳ್ಳೇದಾಯ್ತಮ್ಮ."

"ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬೇಡಿ. ಆಯಮ್ಮಂಗೆ ಐದು ವರ್ಷದ ಬಡ್ಡಿ ಹಳೇ ತಾರೀಖಿಂದ ಲೆಕ್ಕ ಹಾಕಿ ಕೊಟ್ರಂತಲ್ಲ. ನನ್ ಎರಡು ವರ್ಷದ ಅಕ್ಕಿ ಯಾರ್ ಲೆಕ್ಕ ಹಾಕ್ತಾರೆ?"

ಎದುರಿನ ಕಂಪ್ಯೂಟರಿನಲ್ಲಿ ಇನ್ನೊಂದು ದೂರು ತೆರೆದಿತ್ತು. ಏನಾದರೂ ಹೇಳಬೇಕೆಂದು ನಾಲ್ಕೈದು ಮಾತು ಬಾಯಿಗೆ ಬಂದವು. ಎಲ್ಲವೂ ಪತ್ರದಲ್ಲಿ ಬರೆಯುವಂಥವು.

"ಗೊತ್ತಿಲ್ಲಮ್ಮ," ಎಂದೆ.



"ಹ್ಞೂಂ. ನೋಡ್ತಿದೀವಿ ಅನ್ಲಿಲ್ವಲ್ಲ, ಅಷ್ಟು ಸಾಕು ಬುಡಿ," ಎಂದು ಫೋನ್ ಇಟ್ಟರು.